ಒಡೆಯದ ತಗಡು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಉಕ್ಕಿನ ಕಾರ್ಖಾನೆಯ ಮೇಸ್ತ್ರಿ, ಆಚೆಗೆ ಅವನ ಹೆಂಡತಿ. ಅವಳೇ ಶುರು ಮಾಡಿದಳು.

"ಕಣ್ಣು ಮಂಜಾಗಿದೆ, ಕೆಲಸ ಬದಲಾಯಿಸಿ ಅಂತ ಕೇಳಿದ್ರಾ?"

"ಕೇಳಿದೆ, ಸಾಹೇಬ್ರು ನಕ್ಕರು. ಸಿಲಿಕಾನ್ ಜಾಸ್ತಿ ಇರೋ ಟ್ರಾನ್ಸ್‌ಫಾರ್ಮರ್ ತಗಡು ಚೂರು ತಣ್ಣಗಾದ್ರೂ ರೋಲರಿನಲ್ಲಿ ಗಾಜಿನ ಹಾಗೆ ಒಡೆಯುತ್ತೆ. ನಿನ್ನ ಕೈಲಿ ಒಂದೂ ಒಡೆದಿಲ್ಲ, ಕಣ್ಣಿಗೇನಾಗಿದೆ ಧಾಡಿ ಅಂದ್ರು."

"ಕಾದ ತಗಡಿನ ಬಣ್ಣ ಕಾಣದೆ ಕಾವು ಹೇಗ್ರೀ ತಿಳಿಯುತ್ತೆ?"

"ಕೆನ್ನೆಗೆ ತಿಳಿಯುತ್ತೆ."

"ಮೊನ್ನೆ ರೋಲರಿನ ಪಕ್ಕದಲ್ಲೇ ಎಡವಿ ಬಿದ್ರಲ್ಲ, ಅದು ಕೆನ್ನೆಗೆ ತಿಳೀಲಿಲ್ವಾ?"

ಅವನು ಮೊಣಕಾಲು ಸವರಿಕೊಂಡ.

"ಬೇಕಂತಲೇ ಒಂದು ತಗಡು ಒಡೆಸಿಬಿಡಿ. ಅವರೇ ಆ ಕೆಲಸ ಬಿಡಿಸ್ತಾರೆ."

"ನಿನ್ನೆ ಹಾಗಂತಲೇ ಹೋಗಿದ್ದೆ ಕಣೇ. ತಗಡು ತಣ್ಣಗಾಗ್ತಿದ್ದ ಹಾಗೆ ಈ ಹಾಳು ಕೈ ತಾನಾಗೇ ಅದನ್ನ ಮತ್ತೆ ಕಾಯೋಕೆ ಕುಲುಮೆಗೆ ತಳ್ಳಿಬಿಡ್ತು."

ನರ್ಸ್ ಕರೆದಳು. ಅವನು ಎದ್ದು ನೇರ ಗೋಡೆಯ ಕಡೆ ನಡೆದ. ಅವಳು ತೋಳು ಹಿಡಿದು ಬಾಗಿಲಿಗೆ ತಿರುಗಿಸಿದಳು.