ಪಕ್ಕದ ಹಾಸಿಗೆಯ ಅಕ್ಕ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ. ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು... ಬಟ್ಟೆ ಹೊಲಿಯೋಳು, ಗಡಿಯಾರ ಅಂತ ರೇಗಿಸ್ತೀವಲ್ಲ, ಅವಳಿಗೆ.

ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದಾರೆ. ಪಕ್ಕ ಕೂತ್ರೆ ಕೇಳತ್ತೆ. ಟಿಕ್... ಟಿಕ್... ಹಾಕಿದ್ದೇನೋ ಪುಕ್ಕಟೆ. ಆದ್ರೆ ಅದರಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂದ್ರೆ ತಿಂಗಳು ತಿಂಗಳು ಪರೀಕ್ಷೆ ಮಾಡಿಸಿ ಮಾತ್ರೆ ಬರೆಸ್ಕೋಬೇಕು. ಅದೂ ದೊಡ್ಡಾಸ್ಪತ್ರೆಯಲ್ಲೇ. ದಿನಕ್ಕೆ ನಲವತ್ತು ಚೀಟಿ, ಎಂಟಕ್ಕೆಲ್ಲ ಖಾಲಿ. ನಮ್ಮ ಮೊದಲ ಬಸ್ಸು ಅಲ್ಲಿಗೆ ಮುಟ್ಟೋದೇ ಒಂಬತ್ತಕ್ಕೆ. ಪೇಟೆಯೋರಿಗೆ ಚೀಟಿ, ನಮಗೆ ‘ನಾಳೆ ಬನ್ನಿ’. ಥೂ, ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಇವಳ ಜೊತೆಗೇ ಕವಾಟ ಹಾಕಿಸ್ಕೊಂಡಿದ್ದ ಪಕ್ಕದ ಹಾಸಿಗೆಯ ಅಕ್ಕ ಮೂರು ಸಲ ಹಾಗೇ ವಾಪಸ್ ಬಂದ್ಲು. ನಾಲ್ಕನೇ ಸಲಕ್ಕೆ ಉಳೀಲೇ ಇಲ್ಲ. ನಮ್ಮೋಳೂ ಎರಡು ತಿಂಗಳು ಬರಿಗೈಲಿ ಬಂದು, ಬೇಸತ್ತು ಬಿಟ್ಟುಬಿಟ್ಟಿದ್ಲು.

ಒಂದಿನ ಹೊಲಿದ ಬಟ್ಟೆ ಕೊಟ್ಟು ಬರೋಷ್ಟೊತ್ತಿಗೆ ರಾತ್ರಿ ಹತ್ತು. ಬಾವಿ ಹತ್ರ ಯಾರದೋ ಏದುಸಿರು... ಹ್ಹ... ಹ್ಹ... ನೋಡಿದ್ರೆ ಕಟ್ಟೆ ಮೇಲೆ ಆ ಅಕ್ಕ. ಸತ್ತು ವರ್ಷ ಆಗಿರೋಳು. ಓಡೋಣ ಅಂದ್ರೆ ಇವಳಿಗೆ ಉಸಿರೇ ಸಾಲದು.

“ನಿನ್ನ ಟಿಕ್ ಟಿಕ್ ಕೇಳ್ತಿಲ್ಲ ಕಣೇ,” ಅಂದ್ಲಂತೆ, ಪಿಸುದನಿಯಲ್ಲಿ.

ಇವಳು ಎದೆ ಮೇಲೆ ಕೈ ಇಟ್ಕೊಂಡ್ಲು. ಹೌದು... ಟಿಕ್ ಇಲ್ಲ. ಒದ್ದೆ ಬಟ್ಟೆ ಹೊದಿಸಿದ ಹಾಗೆ, ಧಪ್... ಧಪ್... ಮನೆಯಲ್ಲಿ ನಾವೆಲ್ಲ ಆ ಸದ್ದಿಗೆ ಒಗ್ಗಿಹೋಗಿದ್ವಿ. ಮಂಕಾಗಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

“ನನಗೂ ಹೀಗೇ ಆಗಿತ್ತು. ನಾಳೇನೇ ಹೋಗು.”

“ಚೀಟಿ ಸಿಗಲ್ಲ ಅಕ್ಕಾ.”

“ನೀನು ಹೋಗು.”

ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಕಟ್ಟೆ ಖಾಲಿ.

ಬೆಳಿಗ್ಗೆ ನಾನೇ ಕರ್ಕೊಂಡು ಹೋದೆ. ಮುಟ್ಟಿದಾಗ ಒಂಬತ್ತೂಕಾಲು, ಚೀಟಿ ಕಿಟಕಿ ಮುಚ್ಚಿತ್ತು. ಯಾರ ಕಾಲಿಗಾದ್ರೂ ಬೀಳೋಣ ಅಂತಿದ್ದೆ. ಅಷ್ಟರಲ್ಲಿ ವಾಚ್‌ಮನ್ನೇ ಬಂದು ಇವಳ ಹೆಸರು ಕೇಳಿ, ಒಂದನೇ ನಂಬರಿನ ಚೀಟಿ ಕೈಗಿಟ್ಟ. “ನಿಮ್ಮಕ್ಕ ನಸುಕಿಂದ ಸರದಿ ಹಿಡಿದಿದ್ರು,” ಅಂದ. ಎಲ್ಲಿ ಅಂದ್ರೆ, ಈಗ ಇಲ್ಲೇ ಇದ್ರಲ್ಲ ಅಂತ ಹುಡುಕಿದ.

ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದೆ, ಇನ್ನೊಂದು ದಿನ ಬಿಟ್ಟಿದ್ರೆ ಕೈ ಮೀರ್ತಿತ್ತು ಅಂದ್ರು ಡಾಕ್ಟರು. ಅವಳೇನೋ ಉಳಿದ್ಲು.

ನಂಬ್ತೀರೋ ಬಿಡ್ತೀರೋ ನಿಮ್ಮಿಷ್ಟ. ಸರದಿಯಲ್ಲಿ ಜಾಗ ಹಿಡಿಯೋಕೆ ಚಪ್ಪಲಿ ಬಿಟ್ಟು ಹೋಗ್ತಾರಲ್ಲ... ಆ ಕಿಟಕಿ ಕೆಳಗೆ, ಎಲ್ಲಕ್ಕಿಂತ ಮುಂದೆ, ಒಂದು ಜೊತೆ ಹೆಂಗಸರ ಚಪ್ಪಲಿ ಇತ್ತು. ಎಡಗಾಲಿಂದು ಬಾರು ಕಿತ್ತು, ಪಿನ್ನು ಚುಚ್ಚಿದ್ರು. ಸಂಜೆವರೆಗೂ ಯಾರೂ ಮೆಟ್ಕೊಂಡು ಹೋಗಲಿಲ್ಲ. ನಾನು ಕಣ್ಣಾರೆ ನೋಡಿದೀನಿ.