ತುಟಿ ಕೂಡಿದ ಜಾಗ

ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ನಾಲ್ವರು ಹೆಂಗಸರು ಒಳಗೇ ಉಳಿದರು.

ಹಲ್ಲಿನ ದವಾಖಾನೆಯ ಬೆಂಚಿನಲ್ಲಿ ಕೂತಿದ್ದ ದರ್ಜಿಗೆ ಇದು ಗೊತ್ತಾದದ್ದು ಪಕ್ಕದವರ ಮಾತಿನಿಂದ. ಊದಿದ ಕೆನ್ನೆ ಹಿಡಿದುಕೊಂಡವನು ಆ ಕಾರ್ಖಾನೆಯ ಮ್ಯಾನೇಜರ್. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡವಳು ವಿಡಿಯೋ ಎಡಿಟ್ ಮಾಡುವ ಅವನ ಅಕ್ಕನ ಮಗಳು. ಪರದೆಯಲ್ಲಿ ಬದುಕಿ ಬಂದ ಹೆಂಗಸೊಬ್ಬಳ ಹೇಳಿಕೆ.

“ಧ್ವನಿ ಬಾಯಿಗೆ ಕೂಡ್ತಿಲ್ಲ, ಸರಿ ಮಾಡು ಅಂದ್ರೆ ಇಷ್ಟು ಹೊತ್ತಾ?”

“ಧ್ವನಿ ಹೊಂದಿಸೋಕೆ ಅಂತ ಶುರುವಲ್ಲೂ ಕೊನೇಲೂ ಚಪ್ಪಾಳೆ ತಟ್ಟಿಸಿದಾರೆ ಮಾವ. ಎರಡು ಕಡೆನೂ ಕೈಗೂ ಸದ್ದಿಗೂ ಕೂದಲೆಳೆ ವ್ಯತ್ಯಾಸ ಇಲ್ಲ. ತಪ್ಪಿರೋದು ನಡುವೆ ಒಂದೇ ಮಾತು.”

“ಯಾವುದು?”

“‘ಹಿಂದಿನ ಬಾಗಿಲು ತೆರೆದಿತ್ತು’ ಅಂತ ಕೇಳ್ಸುತ್ತೆ. ಆದ್ರೆ ಅಲ್ಲಿ ಅವಳ ತುಟಿ ಕೂಡುತ್ತೆ. ತೆರೆದಿತ್ತು ಅನ್ನೋಕೆ ತುಟಿ ಯಾಕೆ ಕೂಡ್ಬೇಕು? ನೀವೇ ಅಂದು ನೋಡಿ.”

ಮಾವ ಕೆನ್ನೆ ಒತ್ತಿಕೊಂಡ. ದರ್ಜಿ ಸದ್ದಿಲ್ಲದೆ ಅಂದು ನೋಡಿದ. ತೆರೆದಿತ್ತು: ತುಟಿ ಕೂಡಲಿಲ್ಲ. ಬೀಗ: ಕೂಡಿತು.

“ಮುಂದಿನ ಬಾಗಿಲ ಬಗ್ಗೆ ಅವಳು ಹೇಳಿದ ಮಾತಿಂದ ‘ತೆರೆದಿತ್ತು’ ಕತ್ತರಿಸಿ ಇಲ್ಲಿ ತೇಪೆ ಹಾಕಿದಾರೆ. ಯಾರು ಮಾವ?”

“ನಿನ್ನ ಪ್ರಶ್ನೆಗಿಂತ ಈ ಹಲ್ಲುನೋವೇ ವಾಸಿ. ನಾಳೆ ವಿಚಾರಣೆ ಇದೆ. ಆ ಜಾಗದಲ್ಲಿ ಬಾಗಿಲಿನದೊಂದು ಫೋಟೋ ಹಾಕಿ ಅವಳ ಬಾಯಿ ಮುಚ್ಚಿಬಿಡು.”

ಅಷ್ಟರಲ್ಲಿ ನರ್ಸ್ ಅವನನ್ನು ಒಳಗೆ ಕರೆದಳು.

“ನಾನು ಬರೋದ್ರೊಳಗೆ ಮುಗಿಸಿರು.”

ಅವಳು ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಸೇರಿಸಿ ಹೊರಬಾಗಿಲ ಕಡೆ ಹೊರಟಳು.

“ನೀವು ಹೋಗಿ ಬಾಯಿ ತೆರೀರಿ ಮಾವ. ಅವಳ ಬಾಯಿ ನಾನು ಮುಚ್ಚಲ್ಲ.”