ಬೆಲ್ಲೋಸಿನ ತೂತು

...ಬೇಡ, ಆ ಸ್ಟೂಲ್ ಬೇಡ, ಕಾಲು ಅಲ್ಲಾಡುತ್ತೆ ಅದರದ್ದು. ಇಲ್ಲಿ ಕೂತ್ಕೋ, ಲೇತ್ ಪಕ್ಕ. ನಿಂದೇ ಜಾಗ ತಾನೆ? ಆರು ವರ್ಷ ಕೂತಿದ್ದೀಯ. ಆದ್ರೆ ಒಂದು ಮಾತು ಕೇಳ್ತೀನಿ ದಿವ್ಯಾ, ಬಾಗಿಲಲ್ಲಿ ಏನಂದೆ ನೀನು? "ಇದ್ದೀರಾ ಸಾರ್" ಅಂದೆ. ಸಾರ್! ಆರು ವರ್ಷ "ಮಾಮ, ಮಾಮ" ಅಂತ ಇಡೀ ಪೀಣ್ಯಕ್ಕೆ ಕೇಳೋ ಹಾಗೆ ಕೂಗ್ತಿದ್ದೋಳು, ಈಗ ಸಾರ್! ಕೊರಿಯರ್‌ನೋನು ಕೂಡ ನನ್ನ ಶ್ಯಾಮಣ್ಣ ಅಂತಾನೆ ಕಣಮ್ಮ.

ಯಾಕೆ ನಗ್ತೀಯ? ನಗ್ತಾ ಇಲ್ವಾ? ಸರಿ, ಇಲ್ಲ. ಕಾಫಿ ಕುಡಿ. ಇವತ್ತು ಭಾನುವಾರ, ಅಕ್ಕಪಕ್ಕದ ಶೆಡ್ಡೆಲ್ಲ ಬೀಗ, ಒಂದು ಮಷೀನ್ ಸದ್ದೂ ಇಲ್ಲ. ಇವತ್ತು ಹೇಳಿಬಿಡ್ತೀನಿ. ಹೊಟ್ಟೇಲಿಟ್ಕೊಂಡು ಇಟ್ಕೊಂಡು ನಿದ್ದೆ ಹಾಳಾಗಿದೆ ನನಗೆ.

ವಿಡಿಯೋ ನೋಡಿದೆ.

ಹೂಂ, ಅದೇ. ಕುಂದಲಹಳ್ಳೀದು. ಆ ಸಿದ್ಧಾರ್ಥ್ ಅನ್ನೋನು, ಸಾಫ್ಟ್‌ವೇರ್‌ನೋನು, ಸೋಮವಾರದಿಂದ ಶುಕ್ರವಾರ ಕಂಪ್ಯೂಟರು, ಶನಿವಾರ ಬಂತು ಅಂದ್ರೆ ಕ್ಯಾಮೆರಾ ಹುಚ್ಚು... ಅವನ ವರ್ಕ್‌ಶಾಪಲ್ಲಿ ನೀನು ನಿಂತು ಪಾಠ ಹೇಳ್ತಾ ಇದ್ದೀಯ. ಹಳೇ ಕಾಲದ ದೊಡ್ಡ ಕ್ಯಾಮೆರಾದಲ್ಲಿ ರಾತ್ರಿ ಫೋಟೋ ತೆಗೆಯೋದು ಹೇಗೆ ಅಂತ. ನಲವತ್ತು ಜನ ಬಾಯಿಬಿಟ್ಕೊಂಡು ಕೂತಿದ್ದಾರೆ. ಮೂವತ್ತೆರಡು ನಿಮಿಷದ ವಿಡಿಯೋ. ನಾಲ್ಕು ಸಲ ನೋಡಿದೆ ತಾಯೀ, ನಾಲ್ಕು ಸಲ! ಎಲ್ಲಾದ್ರೂ ಶ್ಯಾಮಣ್ಣ ಅನ್ನೋ ಹೆಸರಿದೆಯಾ? "ಪೀಣ್ಯದಲ್ಲಿ ಒಬ್ಬರಿದ್ದಾರೆ" ಅಂತಾದ್ರೂ ಇದೆಯಾ? ಒಂದು ಸಲ ಮಾತ್ರ ಏನೋ ಹೇಳೋಕೆ ಬಾಯಿ ತೆಗೆದೆ, ಆಮೇಲೆ ನುಂಗ್ಕೊಂಡೆ. ನೋಡಿದೀನಿ ನಾನು. ಅಲ್ಲಿಗೆ ಬಂದಾಗ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೀನಿ.

ನೀನು ಹೇಳಿದ್ದೆಲ್ಲ ಯಾರದಮ್ಮ? ಇಲ್ಲಿ ಕಟ್ಟಿದ ನಮ್ಮ ಕ್ಯಾಮೆರಾದ ಲೆನ್ಸು, ಮಾಗಡಿ ರೋಡಲ್ಲಿ ಮುಚ್ಚಿಹೋದ ಪ್ರೆಸ್ಸಿನ ಗುಜರಿಯಿಂದ ನಾನು ಎತ್ಕೊಂಡು ಬಂದದ್ದು. ಅದಕ್ಕೆ ಶಟರ್ರೇ ಇಲ್ಲ, ಇದನ್ನ ಏನ್ಮಾಡೋದು ಅಂತ ನೀನು ತಲೆ ಕೆರ್ಕೊಂಡಾಗ, ಉಪ್ಪಿನಕಾಯಿ ಜಾಡಿ ಮುಚ್ಚಳಕ್ಕೆ ಕಪ್ಪು ಬಳಿದು ಕೊಟ್ಟೋನು ಯಾರು? ಮುಚ್ಚಳ ತೆಗೆದ್ರೆ ಫೋಟೋ ಶುರು, ಹಾಕಿದ್ರೆ ಮುಗೀತು. ರಸ್ತೇಲಿ ಲಾರಿ ಹೆಡ್‌ಲೈಟ್ ಬಂತಾ, ಮುಚ್ಚು, ಎಣಿಸೋದು ನಿಲ್ಲಿಸು. ಲಾರಿ ಹೋಯ್ತಾ, ತೆಗಿ, ಬಿಟ್ಟ ಕಡೆಯಿಂದ ಎಣಿಸು. ಇದನ್ನ ಯಾವ ಪುಸ್ತಕದಲ್ಲಿ ಓದಿದೆ ನೀನು? ಫಿಲ್ಮ್ ಸಿಗಲ್ಲ ಅಂದಾಗ ಸ್ಕ್ಯಾನಿಂಗ್ ಸೆಂಟರ್‌ನೋರನ್ನ ಕಾಡಿಬೇಡಿ ಎಕ್ಸ್‌-ರೇ ಫಿಲ್ಮ್ ತಂದು, ನಮ್ಮ ಜಾಲಹಳ್ಳಿ ಮನೆ ಬಚ್ಚಲಲ್ಲಿ ಕೆಂಪು ಬಲ್ಬ್ ಹಾಕ್ಕೊಂಡು ಕತ್ತರಿಸಿ ತೋರಿಸಿದ್ದು ಯಾರು? ನಮ್ಮನೆಯೋಳು ಸ್ನಾನಕ್ಕೆ ಕಾಯ್ತಾ ಹೊರಗೆ ನಿಂತು ಬೈತಿದ್ಲು, ನೆನಪಿದೆಯಾ?

ಇಲ್ಲ ಅನ್ನು ನೋಡೋಣ. ತಲೆ ಬಗ್ಗಿಸ್ಬೇಡ. ಬ್ಯಾಗ್ ಯಾಕೆ ಹಾಗೆ ಅವಚ್ಕೊಂಡು ಕೂತಿದ್ದೀಯ? ಕೆಳಗಿಡು.

ಅಷ್ಟೇ ಅಲ್ಲ. ಬೆಲ್ಲೋಸಿಗೆ ಟಾರ್ಚ್ ಹಾಕಿ ನೋಡೋದನ್ನೂ ಅಲ್ಲಿ ತೋರಿಸೋಕೆ ಹೊರಟೆ. ಹಾರ್ಮೋನಿಯಂ ಥರ ಮಡಚ್ಕೊಳ್ಳೋ ಆ ಕಪ್ಪು ಬಟ್ಟೆ ಗೂಡಿದೆಯಲ್ಲ, ಕ್ಯಾಮೆರಾಕ್ಕೆ ಅದೇ ಜೀವ, ಒಂದು ಸೂಜಿ ಮೊನೆಯಷ್ಟು ತೂತಿದ್ರೂ ಫಿಲ್ಮ್ ಹಾಳು. ಕತ್ತಲೇಲಿ ಒಳಗೆ ಟಾರ್ಚ್ ಇಡು, ತೂತಿದ್ರೆ ನಕ್ಷತ್ರದ ಹಾಗೆ ಕಾಣುತ್ತೆ. ನನ್ನ ಮಾತು ಕಣೇ ಅದು, ಅಕ್ಷರಕ್ಕೆ ಅಕ್ಷರ ನನ್ನ ಮಾತು! ಅದನ್ನಾದ್ರೂ ಪೂರ್ತಿ ತೋರಿಸಿದ್ಯಾ? "ಲೈಟ್ ಆರಿಸಿ" ಅಂದೆ, ಅಷ್ಟೆ, ವಿಡಿಯೋ ಕಟ್ಟು. ಆಮೇಲೆ ನೋಡಿದ್ರೆ ಬೇರೆ ಏನೋ ಪಾಠ, ತಡವರಿಸ್ತಾ ಮಾತಾಡ್ತಿದ್ದೀಯ. ನನ್ನಿಂದ ಕದ್ದದ್ದನ್ನ ನೆಟ್ಟಗೆ ಹೇಳೋಕೂ ಬರಲಿಲ್ಲ ನಿನಗೆ.

ತಪ್ಪಾಯ್ತು. ಕದ್ದದ್ದು ಅನ್ನಬಾರದಿತ್ತು. ಆದ್ರೆ ಹೊಟ್ಟೆ ಉರಿಯುತ್ತಮ್ಮ! ಟೂಲ್‌ರೂಮಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೋನು ನಾನು. ಶ್ಯಾಮಣ್ಣನ ಕೈ ತಪ್ಪಲ್ಲ ಅಂತ ಫ್ಯಾಕ್ಟರಿಯೇ ಹೇಳ್ತಿತ್ತು. ಮಕ್ಕಳಿಲ್ಲದ ಮನೆ ನಂದು. ವಿದ್ಯೆ ಯಾರಿಗೆ ಕೊಡೋದು ಅಂತಿದ್ದಾಗ ನೀನು ಬಂದೆ, ಅಪ್ಪನ ಸೈಕಲ್ ಮೇಲೆ ಕೂತ್ಕೊಂಡು. ಎಲ್ಲಾ ಕೊಟ್ಟೆ. ಒಂದಾದ್ರೂ ಮುಚ್ಚಿಟ್ಕೊಂಡ್ನಾ? ಹೇಳು, ನಿನ್ನಿಂದ ಏನಾದ್ರೂ ಮುಚ್ಚಿಟ್ಟಿದೀನಾ?

ಯಾಕೆ ಹಾಗೆ ನೋಡ್ತೀಯ?

ಆ ಫೌಂಡ್ರಿ ವಿಷಯಾನಾ? ಅದನ್ನ ಈಗ ಯಾಕೆ... ಸರಿ, ಅದನ್ನೂ ಮಾತಾಡೋಣ. ನಿಮ್ಮಪ್ಪ ಇಪ್ಪತ್ತಾರು ವರ್ಷ ಕುಲುಮೆ ಕಾದ ಜಾಗ, ಮುಚ್ಚೋಕೆ ಮುಂಚೆ ಕೊನೇ ಸಲ ಕಬ್ಬಿಣ ಕರಗಿಸ್ತಾರೆ, ಆ ಬೆಳಕಲ್ಲಿ ಅಪ್ಪನ ಫೋಟೋ ತೆಗೀಬೇಕು ಮಾಮ ಅಂತ ಕಾಲು ಹಿಡ್ಕೊಂಡೆ. ನಾನೇನು ಬೇಡ ಅಂದ್ನಾ? ಅಷ್ಟು ಭಾರದ ಕ್ಯಾಮೆರಾ ಟೆಂಪೋದಲ್ಲಿ ಹಾಕ್ಕೊಂಡು ರಾತ್ರಿ ಎಂಟು ಗಂಟೆಗೇ ಬಂದು ನಿಂತ್ಕೊಂಡೆ. ನಿಮ್ಮಪ್ಪಂಗೆ ನಾನೇ ಹೇಳಿದ್ದು, ಬೈರಪ್ಪ, ಈ ಫೋಟೋದಲ್ಲಿ ಓಡಾಡೋರು ಯಾರೂ ಉಳಿಯಲ್ಲ, ನಿಂತೋನೊಬ್ಬನೇ ಉಳೀತಾನೆ, ಅಲ್ಲಾಡ್ಬೇಡ. ಅವನು ಅಲ್ಲಾಡ್ಲಿಲ್ಲ. ಕುಲುಮೆ ಬಾಯಲ್ಲಿ ಸಲಾಕೆ ಹಿಡ್ಕೊಂಡು ಒಂಬತ್ತು ನಿಮಿಷ. ಕಣ್ಣಿಗೆ ಬೆವರಿಳೀತಿದ್ರೂ ಒರೆಸ್ಕೊಳ್ಲಿಲ್ಲ ಪುಣ್ಯಾತ್ಮ. ಎರಡು ಸಲ ಟೆಂಪೋ ಲೈಟ್ ಬಂತು, ಮುಚ್ಚಿದೆ, ತೆಗೆದೆ. ನನ್ನ ಕಡೆಯಿಂದ ಏನು ತಪ್ಪಿತ್ತು?

ಫಿಲ್ಮ್ ತೊಳೆದ್ರೆ ಪೂರ್ತಿ ಕಪ್ಪು. ನಿನ್ನ ಕೈಗೇ ಕೊಟ್ಟೆನಲ್ಲ, ಬೆಳಕು ನುಗ್ಗಿ ಸುಟ್ಟುಹೋಗಿತ್ತು. ನೀನು ಅಂಟಿಸಿದ್ದ ಬೆಲ್ಲೋಸು ಅದು. ಮೊದಲನೇ ಬೆಲ್ಲೋಸು, ಕೊಡೆ ಬಟ್ಟೆ, ಬೈಂಡಿಂಗ್ ಬಟ್ಟೆ, ಮಧ್ಯೆ ಡ್ರಾಯಿಂಗ್ ಶೀಟಿನ ಪಟ್ಟಿ... ಒಂದೂವರೆ ತಿಂಗಳು ಇದೇ ನೆಲದ ಮೇಲೆ ಕೂತು ಅಂಟಿಸಿದೆ. ಎಲ್ಲೋ ಮಡಿಕೇಲಿ ತೂತು ಬಿಟ್ಟಿದ್ದೀಯ ಅಂದೆ. ಅಷ್ಟೇ ತಾನೆ ಅಂದದ್ದು? ಒಂದು ಮಾತು ಬೈದ್ನಾ? ಹೋಗ್ಲಿ ಬಿಡು, ಕಲಿಯೋ ಕೈ ಅಂದೆ. ಆ ಬೆಲ್ಲೋಸ್ ಬಿಚ್ಚಿ ಕೊಟ್ಟು, ನಾನೇ ಹೊಸದು ಮಾಡ್ಕೊಂಡೆ. ಮೂರು ತಿಂಗಳಿಗೆ ನಿಮ್ಮಪ್ಪ ಹೋಗ್ಬಿಟ್ಟ, ಎದೆ ನೋವು ಅಂತ. ಫೋಟೋ ಇಲ್ಲ. ಅದರ ದುಃಖ ನನಗಿಲ್ವಾ? ಆಮೇಲೆ ನೀನು ಈ ಕಡೆ ತಲೆ ಹಾಕ್ಲಿಲ್ಲ. ಹನ್ನೊಂದು ತಿಂಗಳು! ಕೊನೆಗೆ ಎಲ್ಲಿಗೆ ಹೋದೆ, ಕುಂದಲಹಳ್ಳಿಗೆ. ನನ್ನ ವಿದ್ಯೆ ತಗೊಂಡು. ನಂಬಿದೋನ ಬೆನ್ನಿಗೆ ಚೂರಿ ಹಾಕೋದು ಅಂದ್ರೆ ಇನ್ನೇನಮ್ಮ?

ಕಾಫಿ ಆರಿಹೋಯ್ತು. ಬಿಸಿ ಮಾಡ್ಲಾ?

ಏನದು? ಬ್ಯಾಗಲ್ಲಿ... ಓ. ಅದನ್ನ ಇನ್ನೂ ಇಟ್ಕೊಂಡಿದ್ದೀಯಾ? ನಾನು ಎಸೆದಿರ್ತೀಯ ಅಂದ್ಕೊಂಡಿದ್ದೆ. ಅದನ್ನ ಯಾಕೆ ತಂದೆ? ರಿಪೇರಿಗಾ? ಹಳೇದು, ಬಿಟ್ಟುಬಿಡು, ತೂತಿನ ಬೆಲ್ಲೋಸ್ ಕಟ್ಕೊಂಡು ಏನಾಗ್ಬೇಕು.

ಎಲ್ಲಿಗೆ ಎದ್ದೆ? ರೋಲಿಂಗ್ ಶಟರ್ ಯಾಕೆ ಎಳೀತಿದ್ದೀಯ? ಏಯ್, ಪೂರ್ತಿ ಎಳೀಬೇಡ, ಹಗಲು ಹೊತ್ತಲ್ಲಿ ನೋಡಿದೋರು ಏನಂದ್ಕೋತಾರೆ. ದಿವ್ಯಾ! ಆ ಟ್ಯೂಬ್‌ಲೈಟ್ ಆರಿಸ್ಬೇಡ. ನನಗೆ ಕತ್ತಲಲ್ಲಿ... ಏನ್ ಹುಡುಗಾಟ ಇದು? ಟಾರ್ಚ್ ಬೇಡ. ಬೇಡ ಅಂದೆನಲ್ಲ. ಅದನ್ನ ಈಗ ನೋಡಿ ಏನು ಪ್ರಯೋಜನ, ಬಟ್ಟೆ ಹಳೇದಾಗಿದೆ, ಹೇಗಿತ್ತೋ ಏನೋ...

...

ಇನ್ನೊಂದು ಕಡೆ ತಿರುಗಿಸು.

ಆ ಮೂಲೆ ಮಡಿಕೆ. ಅದಲ್ಲ, ಕೆಳಗಿಂದು. ಜಗ್ಗಿ ಹಿಡಿ.

ಒಂದೂ ಇಲ್ಲ.

ಕಗ್ಗತ್ತಲು. ಒಳ್ಳೇ ಕೈ ನಿಂದು. ಹೇಗೆ ಅಂಟಿಸಿದ್ದೀಯ, ವರ್ಷ ದಾಟಿದ್ರೂ ಒಂದು ಚುಕ್ಕೆ ಬೆಳಕು ಬಿಡಲ್ಲ...

ಯಾವಾಗ ಗೊತ್ತಾಯ್ತು? ಅಲ್ಲೇನಾ? ತೂತಿನ ಬೆಲ್ಲೋಸ್ ಹೇಗಿರುತ್ತೆ ಅಂತ ತೋರಿಸೋಕೆ ಇದನ್ನೇ ತಗೊಂಡು ಹೋಗಿದ್ದೆ, ಅಲ್ವಾ? ಲೈಟ್ ಆರಿಸಿ ಅಂದೆ, ನಲವತ್ತು ಜನ ನೋಡ್ತಾ ಕೂತ್ರು, ಏನೂ ಕಾಣಲಿಲ್ಲ. ವಿಡಿಯೋ ಅದಕ್ಕೇ ಕಟ್ಟಾಯ್ತಾ? ಅದಕ್ಕೇನಾ ಆಮೇಲೆ ನನ್ನ ಹೆಸರು... ಬಾಯಿ ತನಕ ಬಂದಿತ್ತು. ನಾನು ನೋಡಿದೀನಿ, ನಾಲ್ಕು ಸಲವೂ ನೋಡಿದೀನಿ. ಹೇಳಿದ್ರೆ ಯಾರಾದ್ರೂ ಕೇಳ್ತಿದ್ರು, ನಿಮ್ಮ ಗುರುಗಳು ತೂತು ಅಂದಿದ್ರಲ್ಲ, ಎಲ್ಲಿ ಅಂತ. ನನ್ನ ಮಾನ ಹೋಗ್ತಿತ್ತು. ನೀನು ನುಂಗ್ಕೊಂಡೆ. ನಾನು ಅದನ್ನೇ ಹಿಡ್ಕೊಂಡು ಇಷ್ಟು ಹೊತ್ತು ಬಾಯಿಗೆ ಬಂದಂಗೆ...

ಬೆಲ್ಲೋಸ್ ಕೆಳಗಿಡು.

ಸರಿ. ನಾನೇ ಹೇಳ್ತೀನಿ. ಟಾರ್ಚ್ ಮಾತ್ರ ನನ್ನ ಮುಖಕ್ಕೆ ಬಿಡ್ಬೇಡ.

ಫಿಲ್ಮ್ ಇಡೋ ಹೋಲ್ಡರಲ್ಲಿ ಎರಡು ಕಡೆ ಎರಡು ಫಿಲ್ಮ್, ಒಂದೊಂದರ ಮೇಲೂ ಬೆಳಕು ತಡೆಯೋ ಒಂದೊಂದು ಕಪ್ಪು ಸ್ಲೈಡು. ಲೆನ್ಸ್ ಕಡೆಗಿರೋ ಸ್ಲೈಡ್ ಎಳೀಬೇಕು, ಅದನ್ನ ಮೊದಲನೇ ದಿನವೇ ನಿನಗೆ ಹೇಳಿಕೊಟ್ಟಿದ್ದೆ. ಆವತ್ತು ಫೌಂಡ್ರಿಯೋರೆಲ್ಲ ಸುತ್ತ ನಿಂತಿದ್ರು. ಇದೇನಣ್ಣ, ಅದೇನಣ್ಣ ಅಂತ ಕೇಳ್ತಿದ್ರು. ನಾನು ದೊಡ್ಡಸ್ತಿಕೆ ಕೊಚ್ಕೊಳ್ತಾ, ಅವರ ಕಡೆ ತಿರುಗಿ ಮಾತಾಡ್ತಾ ಮಾತಾಡ್ತಾ ಎಳೆದೆ. ನನ್ನ ಎದೆ ಕಡೆ ಇದ್ದ ಸ್ಲೈಡ್. ಹೊರಗಿನ ಫಿಲ್ಮ್ ಬೆಳಕಿಗೆ ಬಿದ್ದು ಸುಟ್ಟುಹೋಯ್ತು. ಒಳಗಿಂದಕ್ಕೆ ಏನೂ ಬೀಳಲೇ ಇಲ್ಲ. ನಿನಗೆ ತೋರಿಸಿದ್ದು ಆ ಸುಟ್ಟದ್ದನ್ನ.

ಮನೇಲಿ ತೊಳೆಯುವಾಗ ಗೊತ್ತಾಯ್ತು ಅಂತ ಹೇಳ್ಬಹುದು ನಾನು. ಹೇಳಲ್ಲ. ಸ್ಲೈಡ್ ವಾಪಸ್ ಹಾಕೋಕೆ ಹೋದಾಗಲೇ ಕಾಣ್ತು, ಫಿಲ್ಮ್ ನನ್ನೆದುರಿಗೇ ಬೆತ್ತಲೆ ಹೊಳೀತಿತ್ತು. ಕುಲುಮೇಲಿ ಇನ್ನೂ ಕಬ್ಬಿಣ ಇತ್ತು ದಿವ್ಯಾ. ಒಳಗಿನ ಫಿಲ್ಮ್ ಚೆನ್ನಾಗೇ ಇತ್ತು. "ತಪ್ಪಾಯ್ತು ಬೈರಪ್ಪ, ಇನ್ನೊಂದು ಸಲ ನಿಂತ್ಕೋ" ಅಂದಿದ್ರೆ ನಿಂತ್ಕೋತಿದ್ದ. ಇನ್ನೂ ಒಂಬತ್ತು ನಿಮಿಷ ನಿಂತ್ಕೋತಿದ್ದ ಅವನು. ಸುತ್ತ ಅಷ್ಟು ಜನ. ಶ್ಯಾಮಣ್ಣನ ಕೈ ತಪ್ಪಿತು ಅಂತ ನನ್ನ ಬಾಯಿಂದಲೇ ಹೇಗೆ... ನಾನು ಸ್ಲೈಡ್ ಹಾಕಿ, "ಸಕ್ಕತ್ತಾಗಿ ಬಂತು ಬೈರಪ್ಪ" ಅಂದುಬಿಟ್ಟೆ. ಅವನು ಆಗ ಮುಖ ಒರೆಸ್ಕೊಂಡ. ನಗ್ತಾ ಒರೆಸ್ಕೊಂಡ.

ಇನ್ನೂ ಒಂದಿದೆ. ನಿನಗೆ ಗೊತ್ತಿಲ್ಲ ಇದು, ಇದನ್ನ ಯಾವ ಟಾರ್ಚೂ ತೋರಿಸಲ್ಲ.

ಆಸ್ಪತ್ರೆಗೆ ನೋಡೋಕೆ ಹೋಗಿದ್ದೆ. ನೀನು ಮಾತ್ರೆ ತರೋಕೆ ಹೊರಗೆ ಹೋಗಿದ್ದೆ. ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು, "ಪಟ ಏನಾಯ್ತು ಶ್ಯಾಮಣ್ಣ, ಮಗಳು ಏನೂ ಯೋಳ್ತಿಲ್ಲ" ಅಂದ. ಆಗಲಾದ್ರೂ... ನಾವಿಬ್ಬರೇ ಇದ್ದದ್ದು. ಆಗಲೂ ನಾನು, ನಿನ್ನ ಮಗಳು ಬೆಲ್ಲೋಸ್ ಸರಿಯಾಗಿ ಅಂಟಿಸಿರಲಿಲ್ಲ ಬೈರಪ್ಪ, ಅದಕ್ಕೇ ಹಾಳಾಯ್ತು ಅಂದೆ. ನನ್ನ ಕೈ ಬಿಡ್ಲಿಲ್ಲ ಅವನು. ಆಮೇಲೆ, "ಓಗ್ಲಿ ಬುಡಿ, ಅದು ಮಗ. ನೀವು ಅದ್ಕೆ ಏನೂ ಅನ್ಬ್ಯಾಡಿ" ಅಂದ. ಅದೇ ನಂಬ್ಕೊಂಡು ಹೋದ.

ಅತ್ತುಬಿಡು. ಇಲ್ಲ, ಬೈಯಿ. ಹೊಡಿ ಬೇಕಾದ್ರೆ, ಕೈಗೆ ಸಿಕ್ಕಿದ್ದರಲ್ಲಿ ಹೊಡಿ. ಹಾಗೆ ನಿಂತ್ಕೋಬೇಡ ದಿವ್ಯಾ. ನಿಮ್ಮಪ್ಪ ನಿಂತ ಹಾಗೆ ನಿಂತಿದ್ದೀಯ ನೀನು, ನನಗೆ ನೋಡೋಕಾಗ್ತಿಲ್ಲ.

ಹೊರಟ್ಯಾ? ಶಟರ್ ಬಿಗಿಯಾಗಿದೆ, ತಾಳು, ನಾನು ಎತ್ತಿಕೊಡ್ತೀನಿ... ಬೇಡ್ವಾ. ಸರಿ, ನೀನೇ ಎತ್ತು. ಬೆಲ್ಲೋಸ್ ತಗೊಂಡು ಹೋಗು, ಮುಂದಿನ ಶನಿವಾರ ಅವರಿಗೆಲ್ಲ ತೋರಿಸು. ಚೆನ್ನಾಗಿ ಅಂಟಿಸಿದ ಬೆಲ್ಲೋಸ್ ಹೀಗಿರುತ್ತೆ ಅಂತ ತೋರಿಸು. ಯಾರ ಕೈ ತಪ್ಪಿತ್ತು ಅಂತ ಕೇಳಿದ್ರೆ ಈ ಸಲ ನುಂಗ್ಕೋಬೇಡ, ಹೆಸರು ಹೇಳು.

ಹೋಗೋಕೆ ಮುಂಚೆ ಒಂದು ಮಾತಾದ್ರೂ ಅಂದು ಹೋಗಮ್ಮ. ಮಾಮ ಅಂತ ಅನ್ಬೇಡ. ಸಾರ್ ಅಂತಾನೇ ಅನ್ನು.